ಒಂದು ಹಳೆಯ ಪಾಠಕ್ಕೆ ತಿದ್ದುಪಡಿ



ಈ ಸಲದ ಬರಹ ತುಸು ದೀರ್ಘವಾದೀತು, ಸಹಿಸಿಕೊಳ್ಳಬೇಕು. ಇದಕ್ಕೆ ಕಾರಣವಾದದ್ದು ನನಗೆ ಬಂದ ಒಂದು ಪತ್ರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕಲಾ ಇತಿಹಾಸವನ್ನು ಅಭ್ಯಾಸ ಮಾಡುತ್ತಿದ್ದಾಳೆ. ಹೊಯ್ಸಳ ಶಿಲ್ಪಿಗಳನ್ನು ಕುರಿತು ಪ್ರಬಂಧ ಬರೆಯಲು ಹೊರಟ ಆಕೆ, ತನ್ನ ಯೋಜನೆಯ ಮೊದಲ ಪುಟದಲ್ಲಿಯೇ ಬೇಲೂರಿನ ದೇವಾಲಯವನ್ನು ಕಟ್ಟಿದವನು ಜಕಣಾಚಾರಿ ಎಂದು ಬರೆದಿದ್ದಳಂತೆ. ಪ್ರಾಧ್ಯಾಪಕರು ಆ ಸಾಲಿನ ಪಕ್ಕದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಬರೆದು ಹಿಂದಿರುಗಿಸಿದರು: 'ಆಧಾರವೇನು?' ಆಕೆ ತಂದೆಯನ್ನು ಕೇಳಿದಳು. ತಂದೆ ಕೊಟ್ಟ ಉತ್ತರ: 'ನಮ್ಮ ಮೇಷ್ಟ್ರು ಹೇಳಿದ್ದರು.' ಹಾಗಾಗಿ ಆ ಪ್ರಶ್ನೆ ಸಮುದ್ರಗಳನ್ನು ದಾಟಿ ನನ್ನ ಮನೆಯ ಬಾಗಿಲಿಗೆ ಬಂದಿತು.

ಆ ಪತ್ರವನ್ನು ನಾನು ಎರಡು ಮೂರು ಬಾರಿ ಓದಿಕೊಂಡೆ. ಮೂರು ದಶಕಗಳಿಗೂ ಹೆಚ್ಚು ಕಾಲ ಹಾಸನ ಜಿಲ್ಲೆಯ ಶಾಲೆಗಳಲ್ಲಿ ಸಮಾಜ ಪಾಠ ಹೇಳಿದವನು ನಾನು. ಪ್ರತಿ ವರ್ಷವೂ ಮಕ್ಕಳನ್ನು ಬೇಲೂರಿಗೆ ಕರೆದೊಯ್ಯುತ್ತಿದ್ದೆ. ಕಪ್ಪೆ ಚೆನ್ನಿಗರಾಯನ ಮುಂದೆ ನಿಲ್ಲಿಸಿ, ಕಲ್ಲಿನಲ್ಲಿ ದೋಷವಿದೆಯೆಂದ ಬಾಲಕ ಡಂಕಣನ ಕಥೆಯನ್ನೂ, ಕಲ್ಲಿನ ಹೊಟ್ಟೆಯಿಂದ ಹೊರಬಂದ ಕಪ್ಪೆಯನ್ನೂ, ಮಾತಿಗೆ ತಪ್ಪದೆ ತನ್ನ ಬಲಗೈಯನ್ನೇ ಕಡಿದುಕೊಂಡ ತಂದೆಯನ್ನೂ, ಕೈದಾಳದಲ್ಲಿ ಆ ಕೈ ಮರಳಿ ಬಂದುದನ್ನೂ ಹೇಳುತ್ತಿದ್ದೆ. ನಿಮ್ಮಲ್ಲಿ ಹಲವರು ಆಗ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ. 1964ರಲ್ಲಿ ತೆರೆಕಂಡ 'ಅಮರಶಿಲ್ಪಿ ಜಕಣಾಚಾರಿ' ಚಲನಚಿತ್ರವನ್ನು ಹುಡುಗನಾಗಿದ್ದಾಗ ನೋಡಿ ನಾನೂ ಹಾಗೆಯೇ ಅತ್ತಿದ್ದೆ. ಆದರೆ ಅದು ಐತಿಹ್ಯ, ಇತಿಹಾಸವಲ್ಲ ಎಂಬ ಮಾತನ್ನು ನಾನು ತರಗತಿಯಲ್ಲಿ ಎಂದಾದರೂ ಸ್ಪಷ್ಟವಾಗಿ ಹೇಳಿದ್ದೆನೇ? ಹೇಳಿರಲಿಲ್ಲ. ನೋಟ್ಸಿನಲ್ಲಿಯೂ ಬರೆಸಿದ್ದೆ. ಪರೀಕ್ಷೆಯಲ್ಲಿ 'ಬೇಲೂರಿನ ಶಿಲ್ಪಿ ಯಾರು?' ಎಂಬ ಪ್ರಶ್ನೆಗೆ ಆ ಉತ್ತರ ಬರೆದವರಿಗೆ ಒಂದು ಅಂಕವನ್ನೂ ಕೊಟ್ಟಿದ್ದೆ.

ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನೆಂಬುದಕ್ಕೆ ಶಾಸನವಿದೆ. ಆ ದೇವಾಲಯದ ಮದನಿಕೆಯರ ಅಡಿಯಲ್ಲಿಯೂ ಇತರ ವಿಗ್ರಹಗಳ ಪೀಠಗಳಲ್ಲಿಯೂ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮುಂತಾದವರು ಅಲ್ಲಿದ್ದಾರೆ. ಜಕಣಾಚಾರಿ ಆ ಅಂಕಿತಗಳಲ್ಲಿ ಇಲ್ಲ. ಇದು ನನಗೆ ಅರೆಬರೆಯಾಗಿ ತಿಳಿದಿತ್ತು. ಆದರೆ 'ಯಾವ ಪುಸ್ತಕ, ಯಾವ ಲೇಖನ, ಯಾವ ಪುಟ' ಎಂದು ಆ ಹುಡುಗಿ ಕೇಳಿದಾಗ ಬಾಯಿ ಕಟ್ಟಿತು. ಹಿಂದೊಮ್ಮೆ ಊರೊಂದರ ಗ್ರಂಥಾಲಯದಲ್ಲಿ ಬೀಗ ಹಾಕಿದ ಕಪಾಟಿನೊಳಗೆ ಪ್ರಾಚ್ಯವಸ್ತು ಇಲಾಖೆಯ ಹಳೆಯ ವರದಿಗಳ ಬೆನ್ನುಗಳನ್ನು ಕಂಡಿದ್ದೆ. ಬೀಗದ ಕೈ ಯಾರ ಬಳಿ ಇದೆಯೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಮತ್ತೆ ವಿಚಾರಿಸಲು ಹೋಗಲಿಲ್ಲ. ತಪ್ಪು ಆ ಬೀಗದ್ದು ಮಾತ್ರವಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ಆ ಹುಡುಗಿ ಊರಿಗೆ ಬಂದಳು. ಐದಾರು ದಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ತನ್ನ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನನಗೆ ತೋರಿಸಿದಳು. ಅಲ್ಲಿ ಪುಸ್ತಕದ ಕಪಾಟುಗಳಿಲ್ಲ. ಡೇಟಾಬೇಸ್ ಎಂದು ಕರೆಯುವ ದತ್ತಸಂಚಯಗಳಿವೆ. ಆ ದಿನಗಳಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಳುವುದು ಈ ಲೇಖನದ ಉದ್ದೇಶ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಕಾಲೇಜಿನಲ್ಲಿರಬಹುದು, ಅವರಿಗೂ ಉಪಯೋಗವಾದೀತು.

ನಮ್ಮ ಮೊದಲ ಹುಡುಕಾಟವನ್ನು ಹೇಳಿಬಿಡುತ್ತೇನೆ. ನಾನೇ ಪದ ಕೊಟ್ಟೆ: 'ಮಲ್ಲಿತಮ್ಮ'. ಹದಿಮೂರನೆಯ ಶತಮಾನದ ಈ ರೂವಾರಿ ಹೊಯ್ಸಳ ಶಿಲ್ಪಿಗಳ ಪೈಕಿ ಅತಿ ಹೆಚ್ಚು ಅಂಕಿತಗಳನ್ನು ಉಳಿಸಿಹೋದವನು. ಸೋಮನಾಥಪುರವೊಂದರಲ್ಲಿಯೇ ನಲವತ್ತರಷ್ಟು ವಿಗ್ರಹಗಳ ಕೆಳಗೆ ಅವನ ಹೆಸರಿದೆ. ಅಂಥವನ ಬಗ್ಗೆ ರಾಶಿ ರಾಶಿ ಲೇಖನಗಳು ಬಂದು ಬೀಳುತ್ತವೆಂದು ನಾನು ಕಾದು ಕುಳಿತೆ. ಬಂದದ್ದು ಬೆರಳೆಣಿಕೆಯಷ್ಟು. 'ಅಮೆರಿಕದ ಗ್ರಂಥಾಲಯಕ್ಕೂ ನಮ್ಮ ಊರಿನ ಗ್ರಂಥಾಲಯಕ್ಕೂ ಹೆಚ್ಚು ವ್ಯತ್ಯಾಸವಿಲ್ಲವಲ್ಲ' ಎಂದು ನಕ್ಕೆ. ಹುಡುಗಿ ನಗಲಿಲ್ಲ. 'ತಾತ, ನಾವು ಕೇಳಿದ ಹೆಸರನ್ನು ಮಾತ್ರ ಅದು ಹುಡುಕಿತು. ಬರೆದವರು ಯಾವ ಹೆಸರಿನಲ್ಲಿ ಬರೆದಿದ್ದಾರೆಂದು ನಾವು ಯೋಚಿಸಲಿಲ್ಲ' ಎಂದಳು.

ಇದೇ ನಾನು ಕಲಿತ ಮುಖ್ಯ ಪಾಠ. ಯಂತ್ರಕ್ಕೆ ಅಕ್ಷರಗಳು ಗೊತ್ತು, ವಸ್ತು ಗೊತ್ತಿಲ್ಲ. 'ಮಲ್ಲಿತಮ್ಮ' ಎಂಬುದರ ತಕಾರವನ್ನು ಇಂಗ್ಲಿಷಿನಲ್ಲಿ ಬರಿಯ 'ಟಿ' ಎಂದು ಬರೆಯುವವರುಂಟು, 'ಟಿ' ಮುಂದೆ 'ಎಚ್' ಸೇರಿಸುವವರುಂಟು. ಹಳೇಬೀಡಿನ ಕೊನೆಯಲ್ಲಿ 'ಯು' ಅಕ್ಷರ ಇಡುವವರು ಕೆಲವರು, ಬಿಡುವವರು ಕೆಲವರು; ನಡುವೆ ಒಂದು 'ಇ' ಹಾಕುವವರೂ ಎರಡು ಹಾಕುವವರೂ ಬೇರೆ. ಅದೇ ಊರನ್ನು ಶಾಸನಗಳ ಹೆಸರಿನಿಂದ ದೋರಸಮುದ್ರವೆಂದೂ ದ್ವಾರಸಮುದ್ರವೆಂದೂ ಕರೆಯುವ ವಿದ್ವಾಂಸರಿದ್ದಾರೆ. ಸೋಮನಾಥಪುರವು ಆಂಗ್ಲರ ಕಾಲದ ಬರಹಗಳಲ್ಲಿ 'ಸೋಮನಾಥ್‌ಪುರ್' ಆಗಿದೆ. ಹೊಯ್ಸಳದ ಳಕಾರಕ್ಕೆ ಕೆಳಗೆ ಚುಕ್ಕಿಯಿಟ್ಟು ಮುದ್ರಿಸಿದ ಹಳೆಯ ಪುಟಗಳನ್ನು ಯಂತ್ರವು ಸ್ಕ್ಯಾನ್ ಮಾಡಿ ಓದುವಾಗ ಆ ಅಕ್ಷರವನ್ನು ಬೇರೇನೋ ಎಂದು ತಪ್ಪಾಗಿ ಗ್ರಹಿಸುವುದೂ ಉಂಟು. ಪುಟದಲ್ಲಿ ಹೆಸರಿದ್ದರೂ ಹುಡುಕಿದವನ ಕಣ್ಣಿಗೆ ಬೀಳದು.

ಶೈಲಿಯ ಹೆಸರಿನದು ಇನ್ನೂ ದೊಡ್ಡ ತೊಡಕು. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನೊಂದಿಗೆ ಹೋಲಿಸಿ ಕೊಂಡಾಡಿದ. ಆದರೆ ಆ ಶೈಲಿಯನ್ನು ಅವನು ಕರೆದದ್ದು 'ಚಾಲುಕ್ಯ' ಎಂದು. ಆ ಹೆಸರು ಬಹುಕಾಲ ಉಳಿಯಿತು. ಅನಂತರ 'ಹೊಯ್ಸಳ ಶೈಲಿ' ಎಂಬ ಮಾತು ರೂಢಿಗೆ ಬಂದಿತು. ಶಾಸ್ತ್ರಗ್ರಂಥಗಳ ಪರಿಭಾಷೆಯನ್ನು ಆಧರಿಸಿ 'ವೇಸರ' ಎಂದವರು ಕೆಲವರು. ಎಂ.ಎ. ಢಾಕಿಯವರು 1977ರಲ್ಲಿ ಕರ್ಣಾಟಕದ ಶಾಸನಗಳನ್ನೂ ದೇವಾಲಯಗಳನ್ನೂ ಒಟ್ಟಿಗಿಟ್ಟು ದೇವಾಲಯದ ರೂಪಭೇದಗಳನ್ನು ಚರ್ಚಿಸಿದರು. ಆಡಮ್ ಹಾರ್ಡಿಯವರು 1995ರಲ್ಲಿ ಏಳರಿಂದ ಹದಿಮೂರನೆಯ ಶತಮಾನದವರೆಗಿನ ಇಡೀ ಪರಂಪರೆಯನ್ನು 'ಕರ್ಣಾಟ ದ್ರಾವಿಡ' ಎಂದು ಹೆಸರಿಸಿ ದೊಡ್ಡ ಗ್ರಂಥವನ್ನೇ ಬರೆದರು. ಅಂದರೆ ನಮ್ಮ ಊರಿನ ಗುಡಿಯೊಂದರ ವಿಷಯವೇ ನಾಲ್ಕು ಹೆಸರಿನ ನಾಲ್ಕು ಪೆಟ್ಟಿಗೆಗಳಲ್ಲಿ ಹಂಚಿಹೋಗಿದೆ. 'ಹೊಯ್ಸಳ' ಎಂದಷ್ಟೇ ಕೇಳಿದವನಿಗೆ ಒಂದು ಪೆಟ್ಟಿಗೆ ಮಾತ್ರ ತೆರೆಯುತ್ತದೆ.

ಹುಡುಗಿ ಒಂದು ಹಾಳೆಯಲ್ಲಿ ಹೆಸರುಗಳ ಪಟ್ಟಿ ಮಾಡಿದಳು: ಶಿಲ್ಪಿಯ ಹೆಸರಿನ ರೂಪಗಳು, ಊರಿನ ಹೆಸರಿನ ರೂಪಗಳು, ಶೈಲಿಯ ಹೆಸರುಗಳು, ರಾಜರ ಹೆಸರುಗಳು. ಯಂತ್ರದ ಮುಂದೆ ಕೂರುವುದಕ್ಕೆ ಮೊದಲೇ ಅರ್ಧ ದಿನ ಈ ಕೆಲಸಕ್ಕೆ ಹೋಯಿತು. ಈ ಕೆಲಸದಲ್ಲಿ ಮಾತ್ರ ನಾನು ಅವಳಿಗೆ ನೆರವಾಗಬಲ್ಲವನಾಗಿದ್ದೆ ಎಂಬುದನ್ನು ಸಂತೋಷದಿಂದಲೇ ಹೇಳುತ್ತೇನೆ.

ಇಂಥ ಪಟ್ಟಿಗಳನ್ನು ಉಪಯೋಗಿಸುವ ವಿಧಾನಕ್ಕೂ ಒಂದು ಇತಿಹಾಸವಿದೆ. ಎರಡು ಪದಗಳೂ ಇರಬೇಕಾದರೆ ನಡುವೆ 'ಆ್ಯಂಡ್' ಎಂದು ಬರೆಯಬೇಕು. ಎರಡರಲ್ಲಿ ಒಂದಿದ್ದರೆ ಸಾಕಾದರೆ 'ಆರ್' ಎಂದು. ಒಂದು ಬೇಡವಾದರೆ 'ನಾಟ್' ಎಂದು. ಈ ತರ್ಕದ ಜನಕ ಜಾರ್ಜ್ ಬೂಲ್ (1815–1864). ಬಡ ಮನೆತನದ ಈತ ಹದಿನಾರನೆಯ ವಯಸ್ಸಿಗೇ ಶಾಲಾ ಮಾಸ್ತರನಾದವನು, ಬಹುಮಟ್ಟಿಗೆ ತಾನೇ ಓದಿ ಕಲಿತವನು. 1854ರಲ್ಲಿ ಆಲೋಚನೆಯ ನಿಯಮಗಳನ್ನು ಕುರಿತು ಅವನು ಬರೆದ ಗ್ರಂಥದ ಫಲವನ್ನು ಇಂದು ಜಗತ್ತಿನ ಎಲ್ಲ ಗ್ರಂಥಾಲಯಗಳೂ ಉಣ್ಣುತ್ತಿವೆ. ಮೇಷ್ಟ್ರುಗಳ ಕುಲಕ್ಕೆ ಇದೊಂದು ಹೆಮ್ಮೆ! ನಾವು ಮಾಡಿದ್ದು ಇಷ್ಟೇ: ಹಳೇಬೀಡಿನ ಎಲ್ಲ ರೂಪಗಳನ್ನೂ 'ಆರ್' ಪದದಿಂದ ಜೋಡಿಸಿ ಒಂದು ಆವರಣದೊಳಗೆ ಇಟ್ಟೆವು, ಶಿಲ್ಪಿ, ರೂವಾರಿ, ಅಂಕಿತ ಎಂಬರ್ಥದ ಇಂಗ್ಲಿಷ್ ಪದಗಳನ್ನು ಇನ್ನೊಂದು ಆವರಣದೊಳಗೆ ಇಟ್ಟೆವು, ಎರಡರ ನಡುವೆ 'ಆ್ಯಂಡ್' ಹಾಕಿದೆವು. ಪದದ ಕೊನೆ ಬದಲಾಗುವಂತಿದ್ದರೆ ನಕ್ಷತ್ರ ಚಿಹ್ನೆಯನ್ನು ಹಾಕಿದರೆ ಎಲ್ಲ ರೂಪಗಳೂ ಬರುತ್ತವೆ. ಎರಡು ಪದಗಳು ಜೊತೆಯಾಗಿಯೇ ಬರಬೇಕಾದರೆ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಮೊದಲು ಬೆರಳೆಣಿಕೆಯಷ್ಟಿದ್ದ ಫಲಿತಾಂಶ ಈಗ ಹಲವು ಪುಟಗಳಾಯಿತು.

ಎಲ್ಲಿ ಹುಡುಕಬೇಕು ಎಂಬುದು ಮುಂದಿನ ಪ್ರಶ್ನೆ. ಗ್ರಂಥಾಲಯದ ಸಾಧನಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಕ್ಯಾಟಲಾಗು. ಅದು ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಹೆಸರಿಸುತ್ತದೆ. ಪತ್ರಿಕೆಯೊಳಗಿನ ಲೇಖನಗಳನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಎರಡನೆಯದು ಸೂಚಿ. ಯಾವ ಪತ್ರಿಕೆಯ ಯಾವ ಸಂಪುಟದಲ್ಲಿ ಯಾರ ಲೇಖನವಿದೆಯೆಂಬುದನ್ನು ವಿಷಯವಾರಾಗಿ ತಿಳಿಸುತ್ತದೆ; ಲೇಖನವನ್ನು ಕೊಡುವುದು ಅದರ ಕೆಲಸವಲ್ಲ. ಮೂರನೆಯದು ಪೂರ್ಣಪಾಠದ ಭಂಡಾರ. ಲೇಖನವನ್ನೇ ಕಣ್ಣೆದುರಿಗೆ ತಂದಿಡುತ್ತದೆ. ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಮೊದಲನೆಯದು ಮನೆಗಳ ಪಟ್ಟಿ, ಎರಡನೆಯದು ಮನೆಯೊಳಗಿನವರ ಪಟ್ಟಿ, ಮೂರನೆಯದು ಮನೆಯವರನ್ನೇ ಕರೆತಂದು ಎದುರಿಗೆ ಕೂರಿಸುವುದು.

ಕಲೆಯ ಇತಿಹಾಸಕ್ಕೆ ಇಂಥ ಸೂಚಿಗಳು ಕಂಪ್ಯೂಟರಿಗಿಂತ ಬಹಳ ಹಿಂದಿನವು. ಅಮೆರಿಕದ ಎಚ್.ಡಬ್ಲ್ಯು. ವಿಲ್ಸನ್ ಕಂಪನಿಯ 'ಆರ್ಟ್ ಇಂಡೆಕ್ಸ್' 1929ರಲ್ಲಿ ಆರಂಭವಾಯಿತು. ಫ್ರಾನ್ಸಿನಲ್ಲಿ 1910ರಲ್ಲಿ ಹುಟ್ಟಿದ ಸೂಚಿಯೊಂದೂ ಅಮೆರಿಕದಲ್ಲಿ 1970ರ ದಶಕದಲ್ಲಿ ಹುಟ್ಟಿದ ಇನ್ನೊಂದೂ ಮುಂದೆ ಒಂದುಗೂಡಿ 'ಬಿಬ್ಲಿಯಾಗ್ರಫಿ ಆಫ್ ದಿ ಹಿಸ್ಟರಿ ಆಫ್ ಆರ್ಟ್' ಎಂಬ ಪ್ರಸಿದ್ಧ ಸಂಚಯವಾಯಿತು. ಗೆಟ್ಟಿ ಸಂಸ್ಥೆ ಅದನ್ನು ನಡೆಸುತ್ತಿತ್ತು. 2010ರಲ್ಲಿ ಹೊಸ ನಮೂದುಗಳನ್ನು ನಿಲ್ಲಿಸಿ, ಅಲ್ಲಿಯವರೆಗಿನದನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಹೆಸರು ಕೇಳಿದರೆ ಕಲೆಯ ಇತಿಹಾಸವೆಲ್ಲ ಅದರಲ್ಲಿದೆ ಎನಿಸುತ್ತದೆ. ಆದರೆ ಅದರ ವ್ಯಾಪ್ತಿ ಐರೋಪ್ಯ ಮತ್ತು ಅಮೆರಿಕದ ಕಲೆ. ಬೇಲೂರನ್ನು ಅಲ್ಲಿ ಹುಡುಕಿ ಸಿಗಲಿಲ್ಲವೆಂದು ಮರುಗಿದವನು, ಮಾವಿನ ತೋಪಿನಲ್ಲಿ ತೆಂಗಿನಕಾಯಿ ಹುಡುಕಿದಂತೆ. ಯಾವ ದತ್ತಸಂಚಯವನ್ನು ತೆರೆದರೂ ಅದು ಏನನ್ನು ಒಳಗೊಂಡಿದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಭಾಷೆಗಳಲ್ಲಿ ಎಂಬುದನ್ನು ಮೊದಲು ಓದಿಕೊಳ್ಳಬೇಕು. ಇದು ಎರಡನೆಯ ಪಾಠ.

ನಮ್ಮ ದೇಶದ ಶಿಲ್ಪಕ್ಕೂ ಪುರಾತತ್ತ್ವಕ್ಕೂ ಮೀಸಲಾದ ಸೂಚಿಯನ್ನು ಮೊದಲು ಮಾಡಿದವರು ದೂರದ ಹಾಲೆಂಡಿನವರು. ಲೈಡನ್ ನಗರದ ಕೆರ್ನ್ ಸಂಸ್ಥೆಯಲ್ಲಿ ಜೆ.ಪಿ.ಎಚ್. ಫೋಗೆಲ್ ಎಂಬ ವಿದ್ವಾಂಸರು ಭಾರತೀಯ ಪುರಾತತ್ತ್ವದ ವಾರ್ಷಿಕ ಗ್ರಂಥಸೂಚಿಯನ್ನು ಆರಂಭಿಸಿದರು. 1926ನೆಯ ವರ್ಷದ ಪ್ರಕಟಣೆಗಳನ್ನು ಕುರಿತ ಮೊದಲ ಸಂಪುಟ 1928ರಲ್ಲಿ ಹೊರಬಂದಿತು. ಫೋಗೆಲ್ ಅವರು ಅದಕ್ಕೆ ಮುಂಚೆ ಭಾರತದ ಪುರಾತತ್ತ್ವ ಇಲಾಖೆಯಲ್ಲಿಯೇ ಕೆಲಸ ಮಾಡಿದವರು. ಆ ಪರಂಪರೆಯೇ 1990ರ ದಶಕದ ಕೊನೆಯಲ್ಲಿ 'ಎಬಿಐಎ' ಎಂಬ ಹೆಸರಿನಿಂದ ಗಣಕದ ಸೂಚಿಯಾಗಿ ಮರುಹುಟ್ಟು ಪಡೆಯಿತು. ಲೇಖನದ ಹೆಸರಿನೊಂದಿಗೆ ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಹೇಳುವುದು ಅದರ ವಿಶೇಷ.

ಪೂರ್ಣಪಾಠದ ಭಂಡಾರಗಳ ಪೈಕಿ ನಾವು ಹೆಚ್ಚು ಬಳಸಿದ್ದು ಜೆಸ್ಟೋರ್. ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1990ರ ದಶಕದ ಆರಂಭದಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದು ಅನಂತರ ಮೆಲನ್ ಪ್ರತಿಷ್ಠಾನದ ಹೊಣೆ ಹೊತ್ತ ವಿಲಿಯಂ ಬೋವೆನ್ ಅವರಿಗೆ, ಕಾಲೇಜುಗಳ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಸಂಪುಟಗಳಿಗೆ ಜಾಗ ಸಾಲುತ್ತಿಲ್ಲವೆಂಬ ಸಮಸ್ಯೆ ಎದುರಾಯಿತು. ಕಟ್ಟಡ ಕಟ್ಟುವ ಬದಲು ಆ ಸಂಪುಟಗಳನ್ನೇ ಸ್ಕ್ಯಾನ್ ಮಾಡಿ ಇಟ್ಟರೆ ಹೇಗೆ ಎಂದು ಅವರು ಯೋಚಿಸಿದರು. ಚರಿತ್ರೆ ಮತ್ತು ಅರ್ಥಶಾಸ್ತ್ರದ ಹತ್ತು ಪತ್ರಿಕೆಗಳಿಂದ ಆರಂಭವಾದ ಪ್ರಯೋಗ 1995ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಕಪಾಟಿನ ಜಾಗ ಉಳಿಸಲು ಹುಟ್ಟಿದ್ದು ಕಪಾಟೇ ಇಲ್ಲದವರಿಗೂ ದಾರಿಯಾಯಿತು. ಏಷ್ಯದ ಕಲೆಗೆ ಮೀಸಲಾದ 'ಆರ್ಟಿಬಸ್ ಏಷ್ಯೇ', 'ಆರ್ಸ್ ಓರಿಯೆಂಟಾಲಿಸ್' ಮುಂತಾದ ಪತ್ರಿಕೆಗಳು ಅಲ್ಲಿವೆ. ನಮ್ಮ ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ವಾರ್ಷಿಕ ನಡಾವಳಿಗಳೂ ಇವೆ. ಕರ್ನಾಟಕದ ಅನೇಕ ಅಧ್ಯಾಪಕರ ಚಿಕ್ಕ ಚಿಕ್ಕ ಪ್ರಬಂಧಗಳು ಅವುಗಳಲ್ಲಿ ಅಡಗಿವೆ. ಆದರೆ ಅನೇಕ ಪತ್ರಿಕೆಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆಗಳು ಅಲ್ಲಿರುವುದಿಲ್ಲ. ವರ್ಷ ಕಳೆದಂತೆ ಆ ಗಡಿಯೂ ಮುಂದೆ ಸರಿಯುತ್ತದೆ. ಆದುದರಿಂದ ಹೊಸ ಲೇಖನಗಳಿಗೆ ಸೂಚಿಗಳನ್ನೇ ನೋಡಬೇಕು.

ಲೇಖನಗಳು ಸಿಕ್ಕ ಮೇಲೆ ಯಾವುದನ್ನು ನಂಬಬೇಕು? ವಿದ್ವತ್ಪತ್ರಿಕೆಗಳಲ್ಲಿ ಲೇಖನವನ್ನು ಅಚ್ಚು ಹಾಕುವ ಮುಂಚೆ ಅದೇ ವಿಷಯದ ಬೇರೆ ವಿದ್ವಾಂಸರು ಪರಿಶೀಲಿಸುತ್ತಾರೆ. ಡೇಟಾಬೇಸಿನಲ್ಲಿ ಅಂಥವನ್ನು ಮಾತ್ರ ತೋರಿಸೆಂದು ಕೇಳುವ ಸೌಕರ್ಯವಿದೆ. ಆದರೆ ಅದೇ ಪತ್ರಿಕೆಯಲ್ಲಿ ಪುಸ್ತಕವಿಮರ್ಶೆಯೂ ಇರುತ್ತದೆ, ಶ್ರದ್ಧಾಂಜಲಿಯೂ ಇರುತ್ತದೆ; ಅವುಗಳನ್ನು ಸಂಶೋಧನ ಲೇಖನವೆಂದು ಭ್ರಮಿಸಬಾರದು. ಹಾಗೆಂದು ವಿಮರ್ಶೆಯನ್ನು ಕಡೆಗಣಿಸುವುದೂ ತರವಲ್ಲ. ಒಂದು ಪುಸ್ತಕದ ಮೇಲೆ ವಿದ್ವಾಂಸರ ಆಕ್ಷೇಪವೇನು ಎಂಬುದು ಎರಡು ಪುಟದಲ್ಲಿ ತಿಳಿಯುತ್ತದೆ.

ಲೇಖನದ ವರ್ಷವನ್ನೂ ಗಮನಿಸಬೇಕು. ಸೋಮನಾಥಪುರದ ಕೇಶವ ದೇವಾಲಯದ ಕಾಲವನ್ನು ಕೆಲವು ಹಳೆಯ ಪುಸ್ತಕಗಳು 1268 ಎಂದು ಹೇಳುತ್ತವೆ. ಈಗ ಒಪ್ಪಿತವಾಗಿರುವ ವರ್ಷ 1258. ಹಳೆಯದನ್ನು ಮಾತ್ರ ಓದಿದವನು ಹತ್ತು ವರ್ಷ ತಪ್ಪುತ್ತಾನೆ.

ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಅಡಿಟಿಪ್ಪಣಿಗಳ ದಾರಿ. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ನಡೆಯಬಹುದು. ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ಯಂತ್ರವನ್ನೇ ಕೇಳಿ ಮುಂದಕ್ಕೂ ನಡೆಯಬಹುದು. ನಾವು ಹಿಂದಕ್ಕೆ ನಡೆದೆವು. 1990ರಲ್ಲಿ ಪ್ರಕಟವಾದ, ಹೊಯ್ಸಳ ಕಲಾವಿದರ ಗುರುತು ಮತ್ತು ಶೈಲಿಗಳನ್ನು ಕುರಿತ ಕೆಲ್ಸನ್ ಕಾಲಿಯರ್ ಅವರ ಗ್ರಂಥ, ಎಸ್. ಶೆಟ್ಟರ್ ಅವರ ಹೊಯ್ಸಳ ದೇವಾಲಯಗಳ ಅಧ್ಯಯನ, ಗೆರಾರ್ಡ್ ಫೂಕೆಮಾ ಅವರ ಪುಸ್ತಕಗಳು. ಅವುಗಳ ಹಿಂದೆ ಮೈಸೂರು ಪ್ರಾಚ್ಯವಸ್ತು ಇಲಾಖೆಯ ವಾರ್ಷಿಕ ವರದಿಗಳು. ಅವುಗಳ ಹಿಂದೆ 'ಎಪಿಗ್ರಾಫಿಯಾ ಕರ್ನಾಟಿಕಾ'. ಎಲ್ಲ ದಾರಿಗಳೂ ಕೊನೆಗೆ ಇಬ್ಬರ ಮನೆ ಬಾಗಿಲಿಗೆ ತಲಪಿದವು: ಬಿ.ಎಲ್. ರೈಸ್ ಮತ್ತು ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು. ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ಐದನೆಯ ಸಂಪುಟವನ್ನು ರೈಸ್ 1902ರಲ್ಲಿ ಹೊರತಂದರು. 1906ರಿಂದ 1922ರವರೆಗೆ ಇಲಾಖೆಯ ಮುಖ್ಯಸ್ಥರಾಗಿದ್ದ ನರಸಿಂಹಾಚಾರ್ಯರು ಸೋಮನಾಥಪುರದ ದೇವಾಲಯವನ್ನು ಕುರಿತು 1917ರಲ್ಲಿ, ಬೇಲೂರಿನದನ್ನು ಕುರಿತು 1919ರಲ್ಲಿ ಪ್ರತ್ಯೇಕ ಪುಸ್ತಕಗಳನ್ನು ಬರೆದರು. 'ಕರ್ಣಾಟಕ ಕವಿಚರಿತೆ'ಯಲ್ಲಿ ಮರೆತುಹೋದ ಕವಿಗಳ ಹೆಸರುಗಳನ್ನು ಉಳಿಸಿದ ಅದೇ ಕೈ, ಕಲ್ಲಿನ ಪೀಠಗಳ ಮೇಲಿನ ಶಿಲ್ಪಿಗಳ ಹೆಸರುಗಳನ್ನೂ ಒಂದೊಂದಾಗಿ ಪಟ್ಟಿ ಮಾಡಿತು.

ಈ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಬೀಗ ಹಾಕಿದ ಕಪಾಟಿನ ಗಾಜಿನಾಚೆ ನಾನು ಕಂಡಿದ್ದ ವರದಿಗಳನ್ನು ನಮ್ಮ ಜಗಲಿಯಲ್ಲಿ ಕುಳಿತು ಪುಟ ತಿರುವಿದಾಗ ನನಗಾದ ಭಾವವನ್ನು ಹೇಗೆ ಹೇಳಲಿ! ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಪರಿಷ್ಕರಿಸಿ ಪ್ರಕಟಿಸತೊಡಗಿತು. ಅದರಲ್ಲಿ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಯೂ ಬೇರೆ. ಹಳೆಯ ಐದನೆಯ ಸಂಪುಟದಲ್ಲಿದ್ದ ಬೇಲೂರು ತಾಲ್ಲೂಕು ಹೊಸದರಲ್ಲಿ ಒಂಬತ್ತನೆಯ ಸಂಪುಟಕ್ಕೆ ಬಂದಿದೆ. ಅಡಿಟಿಪ್ಪಣಿಯಲ್ಲಿ ಸಂಖ್ಯೆ ಕಂಡರೆ ಯಾವ ಆವೃತ್ತಿಯದೆಂದು ವಿಚಾರಿಸದೆ ಮುಂದೆ ಹೋಗಬಾರದು.

ಇಷ್ಟೆಲ್ಲ ಸೌಕರ್ಯದ ನಡುವೆ ಒಂದು ಕೊರತೆ ನನ್ನನ್ನು ನೋಯಿಸಿತು. ನಾವು ತೆರೆದ ಯಾವ ವಿದೇಶೀ ಡೇಟಾಬೇಸಿನಲ್ಲಿಯೂ 'ಪ್ರಬುದ್ಧ ಕರ್ಣಾಟಕ'ದ ಹಳೆಯ ಸಂಚಿಕೆಗಳು ಸಿಗಲಿಲ್ಲ. ನಮ್ಮ ವಿದ್ವಾಂಸರು ಕನ್ನಡದಲ್ಲಿ ಬರೆದ ಲೇಖನಗಳು ಜಗತ್ತಿನ ಸೂಚಿಗಳಿಗೆ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. 'ಫಲಿತಾಂಶವಿಲ್ಲ' ಎಂದು ಪರದೆಯ ಮೇಲೆ ಬಂದರೆ 'ಯಾರೂ ಬರೆದಿಲ್ಲ' ಎಂದು ಅರ್ಥವಲ್ಲ. ಆ ಹುಡುಗಿ ಮೈಸೂರಿಗೆ ಹೋಗಿ ಎರಡು ದಿನ ಹಳೆಯ ಸಂಚಿಕೆಗಳ ಪರಿವಿಡಿಗಳನ್ನು ಕೈಯಲ್ಲಿ ಬರೆದುಕೊಂಡು ಬಂದಳು. ಕನ್ನಡ ಓದಲು ಬಂದುದರಿಂದ ತನಗೆ ಸಿಕ್ಕಿದ್ದು ತನ್ನ ಸಹಪಾಠಿಗಳಿಗೆ ಸಿಗಲಾರದೆಂದು ಹೇಳಿದಳು. ಭಾಷೆ ಕಲಿಸಿದ ತಂದೆತಾಯಿಗಳಿಗೆ ಇದಕ್ಕಿಂತ ಬೇರೆ ಪ್ರಶಸ್ತಿ ಬೇಕೆ?

ವಿದೇಶೀ ವಿಶ್ವವಿದ್ಯಾಲಯದ ಬೆಂಬಲವಿಲ್ಲದವರು ನಿರಾಶರಾಗಬೇಕಿಲ್ಲ. ಜೆಸ್ಟೋರಿನಲ್ಲಿ ಸ್ವಂತ ಖಾತೆ ತೆರೆದರೆ ಪ್ರತಿ ತಿಂಗಳೂ ಮಿತವಾದ ಸಂಖ್ಯೆಯ ಲೇಖನಗಳನ್ನು ಶುಲ್ಕವಿಲ್ಲದೆ ಓದಬಹುದು. ಅದರ ಬಹು ಹಳೆಯ ಲೇಖನಗಳನ್ನು 2011ರಿಂದಲೇ ಎಲ್ಲರಿಗೂ ತೆರೆದಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ಸಂಸ್ಥೆಯ 'ಶೋಧಗಂಗಾ'ದಲ್ಲಿವೆ; ಕನ್ನಡದಲ್ಲಿ ಬರೆದವೂ ಇವೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಓದುವವರಿಗಾಗಿ ಕೇಂದ್ರ ಸರ್ಕಾರವು 2025ರ ಜನವರಿಯಿಂದ 'ಒಂದು ದೇಶ, ಒಂದು ಚಂದಾ' ಯೋಜನೆಯಡಿ ಸಾವಿರಾರು ಪತ್ರಿಕೆಗಳನ್ನು ಒದಗಿಸಿದೆ. ನಿಮ್ಮ ಮಕ್ಕಳ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ನೋಡಿ. ಗ್ರಂಥಪಾಲಕರನ್ನು ಕೇಳುವುದಕ್ಕೆ ಸಂಕೋಚ ಪಟ್ಟು ನಾನು ಬದುಕಿನಲ್ಲಿ ಬಹಳ ಕಳೆದುಕೊಂಡಿದ್ದೇನೆ.

ಕೊನೆಗೆ ನಮಗೆ ದೊರೆತದ್ದೇನು? ಬೇಲೂರಿನಲ್ಲಿ ದುಡಿದವರಲ್ಲಿ ದಾಸೋಜ ಬಳ್ಳಿಗಾವೆಯವನು, ನಾಗೋಜ ಗದುಗಿನವನು. ಎರಡೂ ಕಲ್ಯಾಣದ ಚಾಲುಕ್ಯರ ನಾಡಿನ ಹಳೆಯ ಕಲಾಕೇಂದ್ರಗಳು. ಅಂದರೆ ಹೊಯ್ಸಳರ ಮೊದಲ ಮಹಾದೇವಾಲಯವನ್ನು ಕಡೆದವರಲ್ಲಿ ಚಾಲುಕ್ಯ ನಾಡಿನಿಂದ ಬಂದವರಿದ್ದರು. ಫರ್ಗುಸನ್ ಇಟ್ಟ ಹೆಸರಿನಲ್ಲಿಯೂ ಒಂದಿಷ್ಟು ಸತ್ಯವಿತ್ತೆಂದಾಯಿತು. 1246ರ ನುಗ್ಗೇಹಳ್ಳಿಯಲ್ಲಿ ಗುಡಿಯ ದಕ್ಷಿಣದ ಕಡೆ ಹೆಚ್ಚಾಗಿ ನಂದಿಯ ಬೈಚೋಜನೂ ಉತ್ತರದ ಕಡೆ ಮಲ್ಲಿತಮ್ಮನೂ ಕೆಲಸ ಮಾಡಿದರು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, 1258ರ ಸೋಮನಾಥಪುರದಲ್ಲಿಯೂ ಇದೆ. ನಡುವೆ ಅರವತ್ತೆರಡು ವರ್ಷ! ಅಮೃತಾಪುರದಲ್ಲಿ ಅವನಿಗೆ ಇಪ್ಪತ್ತಾಗಿದ್ದರೆ ಸೋಮನಾಥಪುರದಲ್ಲಿ ಎಂಬತ್ತೆರಡು. ಒಬ್ಬನೇ ದೀರ್ಘಾಯುವೋ, ಒಂದೇ ಹೆಸರಿನ ಇಬ್ಬರೋ? ಒಂದು ವಸ್ತುವಿಗೆ ಹಲವು ಹೆಸರುಗಳಿರುವುದು ಹೇಗೋ ಹಾಗೆಯೇ ಒಂದು ಹೆಸರಿನಲ್ಲಿ ಹಲವರಿರುವುದೂ ಸಾಧ್ಯ. ಕೈಚಳಕವನ್ನು ಹೋಲಿಸಿ ನೋಡುವುದು ಈಗ ಆ ಹುಡುಗಿಯ ಪ್ರಬಂಧದ ವಿಷಯವಾಗಿದೆ.

ಈಗ ನಾನು ಹೇಳಬೇಕಾದ ಮಾತು. ನನ್ನ ತರಗತಿಯಲ್ಲಿ ಕುಳಿತ ಎಲ್ಲರೂ ದಯವಿಟ್ಟು ತಿದ್ದಿಕೊಳ್ಳಿ: ಜಕಣಾಚಾರಿಯ ಕಥೆ ನಮ್ಮ ನಾಡಿನ ಸುಂದರವಾದ ಐತಿಹ್ಯ. ಬೇಲೂರಿನ ಗೋಡೆಗಳ ಮೇಲೆ ಇರುವ ಹೆಸರುಗಳು ಬೇರೆ. ಕಥೆಯನ್ನು ಹೇಳಿದ್ದು ತಪ್ಪಲ್ಲ. ಕಥೆಯೆಂದು ಹೇಳದೆ ಹೋದದ್ದು ತಪ್ಪು. ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಊರನ್ನೂ ತಂದೆಯ ಹೆಸರನ್ನೂ ಸ್ಪಷ್ಟವಾಗಿ ಕೆತ್ತಿಟ್ಟವರನ್ನು ಬಿಟ್ಟು ಬೇರೊಬ್ಬನಿಗೆ ಅಂಕ ಕೊಟ್ಟೆ. ದಾಸೋಜ, ಚಾವಣ, ನಾಗೋಜರಿಗೆ ನಾನು ಮಾಡಿದ ಅನ್ಯಾಯ ಅದು.

ಇದನ್ನು ಆ ಹುಡುಗಿಯ ತಂದೆಗೆ ಫೋನಿನಲ್ಲಿ ಹೇಳಿ ಕ್ಷಮೆ ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೇಷ್ಟ್ರೇ, ನೀವು ಆ ಕಥೆ ಹೇಳದಿದ್ದರೆ ನಾನು ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗುತ್ತಲೇ ಇರಲಿಲ್ಲ' ಎಂದ. ಸಮಾಧಾನಕ್ಕೆ ಹೇಳಿದ ಮಾತಿರಬಹುದು; ನನಗೆ ಸಮಾಧಾನವಾದದ್ದೂ ನಿಜ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಿಮ್ಮಲ್ಲಿ ಅನೇಕರು ಸಂಸಾರ ಸಮೇತ ಹೋಗಿ ಬಂದಿದ್ದೀರಿ. ಮುಂದಿನ ಸಲ ಹೋದಾಗ ವಿಗ್ರಹದ ಮುಖವನ್ನು ನೋಡಿದ ಮೇಲೆ ಬಗ್ಗಿ ಪೀಠವನ್ನೂ ನೋಡಿ. ಅಲ್ಲಿ ಹಳಗನ್ನಡದ ನ���ಲ್ಕಾರು ಅಕ್ಷರಗಳಿದ್ದರೆ ಮಕ್ಕಳಿಗೆ ತೋರಿಸಿ. ಇನ್ನು ಮುಂದೆ ನನ್ನ ಬರಹಗಳಲ್ಲಿ ಯಾವ ಸಂಗತಿಯ ಬಗ್ಗೆ ಅನುಮಾನ ಬಂದರೂ ಸಂಕೋಚವಿಲ್ಲದೆ 'ಆಧಾರವೇನು ಮೇಷ್ಟ್ರೇ?' ಎಂದು ಕೇಳಿ. ಗೊತ್ತಿದ್ದರೆ ಪುಟ ಸಮೇತ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಈಗ ಹುಡುಕುವ ದಾರಿಯಾದರೂ ಗೊತ್ತಿದೆ.